ರಾಜನ ಪಾತ್ರಕ್ಕೆ ರಾಜನ ಮಾತು ಬೇಡವೇ?

ನಮ್ಮ ಹಳೆಯ ಐತಿಹಾಸಿಕ ಚಿತ್ರಗಳ ಮೇಲೆ ಒಂದು ಆಪಾದನೆ ಈಗ ಬಹಳ ಸಾಮಾನ್ಯವಾಗಿದೆ. ಓದಿದವರು, ಒಳ್ಳೆಯ ಹುದ್ದೆಯಲ್ಲಿರುವವರು, ದೇಶವಿದೇಶಗಳ ಚಿತ್ರಗಳನ್ನು ಕಂಡವರು ಅದನ್ನು ಹೇಳುತ್ತಾರೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ನಮ್ಮ ಬಂಧುಗಳ ಮನೆಯ ಮಕ್ಕಳೂ ಇದ್ದಾರೆ. 'ರಣಧೀರ ಕಂಠೀರವ', 'ಇಮ್ಮಡಿ ಪುಲಿಕೇಶಿ', 'ಶ್ರೀಕೃಷ್ಣದೇವರಾಯ', 'ಮಯೂರ' ಮೊದಲಾದ ಚಿತ್ರಗಳಲ್ಲಿ ಇರುವುದು ನಟನೆಯಲ್ಲ, ಬರಿಯ ನಾಟಕ. ಗಂಟಲು ಹರಿಯುವಂತೆ ಕೂಗುವುದು, ಎದೆಯುಬ್ಬಿಸಿ ನಿಲ್ಲುವುದು, ತಗಡಿನ ಕತ್ತಿ ಬೀಸುವುದು, ಇಷ್ಟೇ ಎಂಬುದು ಆ ಆಪಾದನೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಐತಿಹಾಸಿಕ ಚಿತ್ರವೆಂದರೆ ಹಾಲಿವುಡ್ಡಿನವರು ತೆಗೆದದ್ದು. ಬೆನ್‌ಹರ್ ನೋಡಿ, ಟೆನ್ ಕಮಾಂಡ್‌ಮೆಂಟ್ಸ್ ನೋಡಿ.'

ನೋಡಿದ್ದೇನೆ. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಇದ್ದ ಕಾಲದಲ್ಲಿ ದಂಡು ಪ್ರದೇಶದ ಚಿತ್ರಮಂದಿರಗಳಿಗೆ ಹೋಗಿ ಇಂಗ್ಲಿಷ್ ಚಿತ್ರ ನೋಡುವುದು ನಮ್ಮಂಥ ಮೇಷ್ಟ್ರುಗಳಿಗೆ ಒಂದು ವಿದ್ಯಾಭ್ಯಾಸವೇ ಆಗಿತ್ತು. ಆ ಚಿತ್ರಗಳ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ. ಆ ಪ್ರೀತಿಯಿಂದಲೇ ಹೇಳುತ್ತೇನೆ: ಚಾರ್ಲ್ಟನ್ ಹೆಸ್ಟನ್‌ಗೆ ಒಂದು ತಕ್ಕಡಿ, ರಾಜಕುಮಾರ್‌ಗೆ ಇನ್ನೊಂದು ತಕ್ಕಡಿ ಹಿಡಿಯುವವರಿಗೆ ಎರಡೂ ಅರ್ಥವಾಗಿಲ್ಲ.

ಯೋಚಿಸಿ ನೋಡಿ. 1956ರ 'ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದಲ್ಲಿ ಯೂಲ್ ಬ್ರಿನ್ನರ್ ರಾಮೆಸೆಸ್ ಆಗಿ ನಿಲ್ಲುವ ಭಂಗಿಯನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ, ಕಚೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ಯಾವ ಮನುಷ್ಯ ಹಾಗೆ ನಿಲ್ಲುತ್ತಾನೆ? ಹೆಸ್ಟನ್ ಮೋಶೆಯಾಗಿ ಕೈಯೆತ್ತಿ ಆಡುವ ಮಾತನ್ನು ಯಾರು ನಿತ್ಯಜೀವನದಲ್ಲಿ ಆಡುತ್ತಾರೆ? ಅದು ರಂಗಭೂಮಿಯ ನಿಲುವು, ರಂಗಭೂಮಿಯ ಧ್ವನಿ. ಹೆಸ್ಟನ್ 1947ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಷೇಕ್ಸ್‌ಪಿಯರನ 'ಆಂಟನಿ ಅಂಡ್ ಕ್ಲಿಯೋಪಾತ್ರ' ನಾಟಕದಲ್ಲಿ ಅಭಿನಯಿಸಿ ಬಂದವನು. ಬ್ರಿನ್ನರ್ 1951ರಿಂದ ಅದೇ ಬ್ರಾಡ್‌ವೇಯಲ್ಲಿ 'ದಿ ಕಿಂಗ್ ಅಂಡ್ ಐ' ನಾಟಕದ ಅರಸನಾಗಿ ಹೆಸರು ಮಾಡಿದವನು. 1960ರ 'ಸ್ಪಾರ್ಟಕಸ್' ಚಿತ್ರದಲ್ಲಿ ರೋಮಿನ ಅಧಿಕಾರಸ್ಥರ ನಡುವಣ ದೃಶ್ಯಗಳನ್ನು ಹೊತ್ತು ನಿಲ್ಲಿಸಿದ ಲಾರೆನ್ಸ್ ಒಲಿವಿಯರ್, ಚಾರ್ಲ್ಸ್ ಲಾಟನ್ ಇಬ್ಬರೂ ಇಂಗ್ಲಿಷ್ ರಂಗಭೂಮಿಯ ದಿಗ್ಗಜರು. ಅರವತ್ತು ಎಪ್ಪತ್ತು ವರ್ಷಗಳ ಮೇಲೂ ಆ ಚಿತ್ರಗಳು ಹಳಸದೆ ಉಳಿದಿದ್ದರೆ ಸಾವಿರಾರು ಜನರ ಜಂಗುಳಿಯಿಂದಲ್ಲ. ಇಷ್ಟು ದೊಡ್ಡ ಕಥೆಯ ಭಾರವನ್ನು ಹೊರಬಲ್ಲ ಧ್ವನಿ, ನಿಲುವುಗಳನ್ನು ರಂಗಭೂಮಿಯಿಂದ ಪಡೆದ ನಟರಿಂದ. ಅದನ್ನು ಅಲ್ಲಿ 'ಗಾಂಭೀರ್ಯ' ಎಂದು ಕರೆದು, ಇಲ್ಲಿ ಅದೇ ಗುಣವನ್ನು 'ಡ್ರಾಮಾ ಕಂಪನಿ' ಎಂದು ಹಳಿಯುವುದು ಯಾವ ನ್ಯಾಯ?

ಹೌದು, ನಮ್ಮವರು ಡ್ರಾಮಾ ಕಂಪನಿಯಿಂದಲೇ ಬಂದವರು. ಅದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಸಂಗತಿಯೆಂದು ಏಕೆ ಭಾವಿಸಬೇಕು? 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಯಕನಟರಾದ ರಾಜಕುಮಾರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಗೆ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಎಲ್ಲರೂ ವೃತ್ತಿರಂಗಭೂಮಿಯವರು. ಚಿತ್ರಗಳ ಸಂಖ್ಯೆ ಕಡಿಮೆಯಾಗಿ ಕಲಾವಿದರಿಗೆ ಕೆಲಸವಿಲ್ಲದಾದಾಗ ಈ ನಾಲ್ವರು ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿ 1960ರಲ್ಲಿ ತೆರೆಗೆ ತಂದದ್ದೇ 'ರಣಧೀರ ಕಂಠೀರವ'. ಹಸಿವಿನ ಕಾಲದಲ್ಲಿ ನಟರು ತಾವೇ ನಿರ್ಮಾಪಕರಾಗಿ ತಮ್ಮ ನಾಡಿನ ಒಬ್ಬ ಅರಸನನ್ನು ಆರಿಸಿಕೊಂಡರು ಎಂಬುದನ್ನು, ಆ ಚಿತ್ರದ ಸೆಟ್ಟುಗಳ ಬಡತನವನ್ನು ಕಂಡು ನಗುವವರು ಮರೆಯಬಾರದು.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ದೇಹದ ಚಲನೆ ಆಂಗಿಕ, ಮಾತು ವಾಚಿಕ, ವೇಷ, ಭೂಷಣ, ಅಲಂಕಾರಗಳು ಆಹಾರ್ಯ, ಒಳಗಿನ ಭಾವ ಮೈಮೇಲೆ ತಾನಾಗಿ ಮೂಡುವುದು ಸಾತ್ತ್ವಿಕ. ಈ ನಾಲ್ಕರಲ್ಲಿ ಹಣ ಕೊಟ್ಟರೆ ದೊರೆಯುವುದು ಆಹಾರ್ಯ ಒಂದೇ. ಉಳಿದ ಮೂರನ್ನು ವರ್ಷಗಟ್ಟಲೆ ತಾಲೀಮು ಮಾಡಿ ಗಳಿಸಬೇಕು. ನಮ್ಮ ಹಳೆಯ ಚಿತ್ರಗಳು ಸೋತದ್ದು ಆಹಾರ್ಯದಲ್ಲಿ. ಬಣ್ಣ ಬಳಿದ ಹಲಗೆಯ ಕೋಟೆ, ಮಿರುಗುವ ಕಿರೀಟ, ಕೈಬೆರಳೆಣಿಕೆಯ ಕುದುರೆಗಳು, ಇವನ್ನು ನಾನು ಸಮರ್ಥಿಸಲು ಹೊರಟಿಲ್ಲ. ಇಂದಿನ ಅದ್ದೂರಿ ಚಿತ್ರಗಳಾದರೋ ಆಹಾರ್ಯ ಒಂದಕ್ಕೇ ಕೋಟಿಗಟ್ಟಲೆ ಸುರಿದು, ಉಳಿದ ಮೂರನ್ನು ಗಣಕಯಂತ್ರ ನೋಡಿಕೊಳ್ಳುತ್ತದೆ ಎಂದು ನಂಬಿದಂತಿವೆ.

ಅದ್ದೂರಿಯೇನೂ ಹೊಸತಲ್ಲ. ಗುಬ್ಬಿ ವೀರಣ್ಣನವರು 1934ರಲ್ಲಿಯೇ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದವರು. ಅದಾಗಿ 85 ವರ್ಷಗಳ ಮೇಲೆ, 2019ರಲ್ಲಿ, ಅದೇ ಕುರುಕ್ಷೇತ್ರ ಮೂರು ಆಯಾಮಗಳಲ್ಲಿ ಕನ್ನಡದ ತೆರೆಗೆ ಬಂದಿತು. ಜನರ ಕಣ್ಣು ತಣಿಸಬೇಕೆಂಬ ಆಸೆ ಅಂದಿಗೂ ಇಂದಿಗೂ ಒಂದೇ. ವ್ಯತ್ಯಾಸವಿರುವುದು ಬೇರೆಡೆ. ವೀರಣ್ಣನವರು ಆನೆಯನ್ನು ತಂದರು. ಆದರೆ ಆನೆಯ ಪಕ್ಕದಲ್ಲಿ ನಿಂತು ಧ್ವನಿವರ್ಧಕದ ಹಂಗಿಲ್ಲದೆ ಕೊನೆಯ ಸಾಲಿನ ಪ್ರೇಕ್ಷಕನಿಗೆ ಅಕ್ಷರ ಅಕ್ಷರವೂ ಕೇಳುವಂತೆ ಮಾತನಾಡಬಲ್ಲ ನಟರನ್ನೂ ತಯಾರು ಮಾಡಿದರು.

ಈಗ 'ಮಯೂರ'ನನ್ನೇ ತೆಗೆದುಕೊಳ್ಳೋಣ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 1975ರಲ್ಲಿ, ಸಂಭಾಷಣೆ ಚಿ. ಉದಯಶಂಕರ್ ಅವರದು. ಇತಿಹಾಸದಲ್ಲಿ ಮಯೂರಶರ್ಮನ ಬಗ್ಗೆ ನಮಗೆ ತಿಳಿದಿರುವುದು ಅತ್ಯಲ್ಪ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜನೆಂಬ ಕವಿ ಅವನ ಕಥೆಯನ್ನು ಸಂಸ್ಕೃತದಲ್ಲಿ ಹೇಳಿದ್ದಾನೆ: ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವೇದಾಧ್ಯಯನಕ್ಕಾಗಿ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದದ್ದು, ಅವಮಾನಿತನಾಗಿ ಯಜ್ಞಕರ್ಮದ ಕೈಯಲ್ಲಿ ಖಡ್ಗವನ್ನು ಹಿಡಿದದ್ದು, ಕೊನೆಗೆ ಕದಂಬ ರಾಜ್ಯದ ಸ್ಥಾಪನೆ. ನಾನು ತರಗತಿಯಲ್ಲಿ ಈ ಪಾಠವನ್ನು ಮಾಡುವಾಗಲೆಲ್ಲ ಒಂದು ತೊಡಕು ಎದುರಾಗುತ್ತಿತ್ತು. ಒಬ್ಬ ವಟು ಹೇಗೆ ಅರಸನಾದ? ಕಪ್ಪು ಹಲಗೆಯ ಮೇಲೆ ಇಸವಿ ಬರೆದರೆ ಮಕ್ಕಳಿಗೆ ಅದು ಕಾಣುವುದಿಲ್ಲ. ಚಿತ್ರ ನೋಡಿ ಬಂದ ಮಕ್ಕಳಿಗೆ ಮಾತ್ರ ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ. ವಟುವಿನ ಬಾಗಿದ ಕತ್ತು, ಮೆಲ್ಲನೆಯ ನಡಿಗೆ. ಮುಂದೆ ಅದೇ ದೇಹದ ನೆಟ್ಟ ಬೆನ್ನು, ಅಳೆದು ಇಡುವ ಹೆಜ್ಜೆ. ವಿನಯದ ಮಾತಿನಲ್ಲಿ ಕಡಿಮೆಯಿದ್ದ ಉಸಿರು ಅಧಿಕಾರದ ಮಾತಿನಲ್ಲಿ ತುಂಬಿಕೊಳ್ಳುವ ಬಗೆ. ಆಗ ರಾಜಕುಮಾರರಿಗೆ 46 ವರ್ಷ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ವಯಸ್ಸಿನ ಮಾತು ಬಂದಿತೆಂದು ಇನ್ನೊಂದು ಉದಾಹರಣೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನಿಗೂ ಸರಿಯಾಗಿ 46 ವರ್ಷ. 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ತೆರೆ ಕಂಡಾಗ ಆ ಪಾತ್ರ ವಹಿಸಿದ ಬಿ. ಸರೋಜಾದೇವಿಯವರಿಗೆ 23. ಅಂದರೆ ಅರ್ಧ ವಯಸ್ಸು. ನವವಧುವಿನ ಲಜ್ಜೆಯಿಂದ ಪುತ್ರಶೋಕದವರೆಗೆ, ಅಲ್ಲಿಂದ ಕಂಪನಿ ಸರಕಾರಕ್ಕೆ ಎದುರಾಡುವ ರಾಣಿಯ ಕಠೋರತೆಯವರೆಗೆ ಆಕೆ ನಡೆದು ತೋರಿಸಿದರು. ಕಳೆದ 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ಅನೇಕರು ಅವರ ಸೌಂದರ್ಯವನ್ನೂ ಉಡುಗೆಯನ್ನೂ ನೆನೆದರು. ನಾನು ನೆನೆದದ್ದು ಚೆನ್ನಮ್ಮನ ಕಂಠವನ್ನು.

ಹಳೆಯ ಅಭಿನಯವೆಂದರೆ ಬರಿಯ ಮಾತಿನ ಆರ್ಭಟ ಎನ್ನುವವರು ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರ ಓಬವ್ವನನ್ನು ಮತ್ತೊಮ್ಮೆ ನೋಡಬೇಕು. 1972ರ ಆ ಚಿತ್ರ ಐತಿಹಾಸಿಕವಲ್ಲ. ಓಬವ್ವನ ಪ್ರಸಂಗ ಅದರಲ್ಲಿ ಒಂದು ಹಾಡಿನಷ್ಟು ಮಾತ್ರ. ಅಷ್ಟರಲ್ಲಿಯೇ ಚಿತ್ರದುರ್ಗದ ಆ ಬಂಡೆಗಳ ನಡುವೆ, ಕೈಯಲ್ಲಿ ಒನಕೆ ಹಿಡಿದು, ಒಬ್ಬ ಸಾಮಾನ್ಯ ಗೃಹಿಣಿ ಹೇಗೆ ಕ್ಷಣಾರ್ಧದಲ್ಲಿ ಸೈನಿಕಳಾಗುತ್ತಾಳೆ ಎಂಬುದನ್ನು ಆಕೆ ಕಣ್ಣು ತೋಳುಗಳಲ್ಲಿಯೇ ಹೇಳಿದರು. ಇಂದು ನಮ್ಮ ಶಾಲೆಗಳಲ್ಲಿ ಓಬವ್ವನ ವೇಷ ಹಾಕುವ ಹುಡುಗಿಯರೆಲ್ಲ ಅನುಕರಿಸುವುದು ಇತಿಹಾಸದ ಓಬವ್ವನನ್ನಲ್ಲ, ಜಯಂತಿಯವರನ್ನು.

ಪಂತುಲು ಅವರ ಇನ್ನೊಂದು ಚಿತ್ರ, 1970ರ 'ಶ್ರೀಕೃಷ್ಣದೇವರಾಯ'. 1958ರಲ್ಲಿ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ಬಡ ಉಪಾಧ್ಯಾಯನಾಗಿ ನಮ್ಮ ಕುಲಕ್ಕೇ ಗೌರವ ತಂದ ಅವರು ಇಲ್ಲಿ ಮಹಾಮಂತ್ರಿ ತಿಮ್ಮರಸು. ರಾಯರಾಗಿ ರಾಜಕುಮಾರ್. ಅರಸ ಎತ್ತರದ ದನಿಯಲ್ಲಿ ಮಾತನಾಡುವಾಗ ಮಂತ್ರಿ ತಗ್ಗಿದ ದನಿಯಲ್ಲಿ ಉತ್ತರಿಸುತ್ತಾನೆ. ಆದರೂ ಸಭೆಯ ಭಾರ ಯಾರ ಕಡೆಗಿದೆಯೆಂದು ನಮಗೆ ತಿಳಿಯುತ್ತದೆ. ಆ ಸಾಲಿನ ಶ್ರೇಷ್ಠ ನಟ ರಾಜ್ಯ ಪ್ರಶಸ್ತಿ ಪಂತುಲು ಅವರ ತಿಮ್ಮರಸುವಿಗೆ ಸಂದಿತು. ಕೂಗುವುದೇ ಅಭಿನಯವೆಂದು ಆ ಕಾಲದವರು ತಿಳಿದಿದ್ದರೆ ಹೀಗಾಗುತ್ತಿತ್ತೇ?

'ಬಭ್ರುವಾಹನ' ಪೌರಾಣಿಕ, ಆದರೆ ಅಭಿನಯದ ಪರಂಪರೆ ಅದೇ. ಸ್ವತಃ ರಂಗಭೂಮಿಯಿಂದ ಬಂದ ಹುಣಸೂರು ಕೃಷ್ಣಮೂರ್ತಿಗಳು 1977ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ಅರ್ಜುನನೂ ರಾಜಕುಮಾರ್, ಮಗ ಬಭ್ರುವಾಹನನೂ ರಾಜಕುಮಾರ್. ತಂದೆ ಮಗನನ್ನು ಒಪ್ಪಿಕೊಳ್ಳದೆ ತಾಯಿಯ ಶೀಲವನ್ನು ಶಂಕಿಸುವ ಆ ವಾಗ್ವಾದದ ದೃಶ್ಯವನ್ನು ಚಿತ್ರವನ್ನು ನೋಡದೆ, ಕಣ್ಣು ಮುಚ್ಚಿ, ಕೇವಲ ಕೇಳಿ. ಒಂದೇ ಗಂಟಲಿನ ಎರಡು ಧ್ವನಿಗಳಲ್ಲಿ ಯಾವುದು ತಂದೆಯದು, ಯಾವುದು ಮಗನದು ಎಂದು ತಕ್ಷಣ ಹೇಳಬಲ್ಲಿರಿ. ಒಬ್ಬನದು ಗೆದ್ದು ಗೆದ್ದು ಮರಗಟ್ಟಿದ ಗರ್ವ. ಇನ್ನೊಬ್ಬನದು ಪೆಟ್ಟು ತಿಂದ ಅಭಿಮಾನ. ಇದನ್ನು ಅತಿನಟನೆ ಎನ್ನುವವರಿಗೆ ಕಣ್ಣಿದೆ, ಕಿವಿಯಿಲ್ಲ.

ಕಿವಿಯ ಮಾತು ಬಂದಾಗ ಬಾಲಕೃಷ್ಣ ಅವರನ್ನು ನೆನೆಯದಿರಲಾರೆ. ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಅವರು ಹತ್ತಿರದವರು. ಕೆಂಗೇರಿಯ ಬಳಿಯ ಅಭಿಮಾನ್ ಸ್ಟುಡಿಯೋ ಅವರು ಕಟ್ಟಿದ್ದು. ಇಂದು ಆ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಭೂಮಿಯ ವ್ಯಾಜ್ಯ ಮಾತ್ರ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಯೇ ತಮ್ಮ ಮಾತನ್ನು ಸರಿಯಾದ ಕ್ಷಣಕ್ಕೆ ಎತ್ತಿಕೊಳ್ಳುತ್ತಿದ್ದರು. ತಾಲೀಮು ಎಂದರೆ ಅದು. ಇವರ ಕಲೆಯನ್ನು ಒಂದು ಲಘುವಾದ ನಗೆಯಲ್ಲಿ ತಳ್ಳಿಹಾಕುವುದು ಅವಿವೇಕ ಮಾತ್ರವಲ್ಲ, ಕೃತಘ್ನತೆ.

ಎದುರಾಳಿಗಳ ಆಕ್ಷೇಪಗಳಿಗೂ ಉತ್ತರ ಹೇಳಬೇಕು. ಮೊದಲನೆಯದು: 'ರಾಜರು ಹೀಗೆ ಮಾತನಾಡುತ್ತಿದ್ದರೇ?' ನಾಲ್ಕನೆಯ ಶತಮಾನದ ಬನವಾಸಿಯ ಬೀದಿಯ ಮಾತನ್ನು ಯಥಾವತ್ತಾಗಿ ತೆರೆಯ ಮೇಲೆ ತಂದರೆ ನಮ್ಮಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಹಲ್ಮಿಡಿ ಶಾಸನದ ಹದಿನಾರು ಸಾಲುಗಳನ್ನೇ ಟಿಪ್ಪಣಿಯಿಲ್ಲದೆ ಓದಲಾರೆವು. ಆದ್ದರಿಂದ ಐತಿಹಾಸಿಕ ಚಿತ್ರದ ಭಾಷೆ ಎಂದಿದ್ದರೂ ಕಟ್ಟಿದ ಭಾಷೆಯೇ. ಜೆರೂಸಲೇಮಿನ ಬೆನ್‌ಹರ್ ಇಂಗ್ಲಿಷಿನಲ್ಲಿ ಮಾತನಾಡಿದರೆ ಸಹಜ, ಬನವಾಸಿಯ ಮಯೂರ ಗ್ರಾಂಥಿಕ ಕನ್ನಡದಲ್ಲಿ ಮಾತನಾಡಿದರೆ ಕೃತಕ ಎನ್ನುವವರು ತಮ್ಮ ಸಹಜತೆಯ ಅರ್ಥವನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ.

ಎರಡನೆಯದು: 'ಇವು ಇತಿಹಾಸವನ್ನು ತಿರುಚುತ್ತವೆ.' ಈ ಆಕ್ಷೇಪದಲ್ಲಿ ಹುರುಳಿದೆ. ಕಾದಂಬರಿಕಾರನ ಕಲ್ಪನೆಯೂ ಹಾಡು ಕುಣಿತಗಳೂ ಸೇರಿದ ಮೇಲೆ ಶಾಸನದ ಮಯೂರಶರ್ಮ ಬೇರೆ, ತೆರೆಯ ಮಯೂರ ಬೇರೆ. ರವಿಕೀರ್ತಿಯ ಐಹೊಳೆ ಶಾಸನವನ್ನು ಓದಿ 'ಇಮ್ಮಡಿ ಪುಲಿಕೇಶಿ' ನೋಡಿದವರಿಗೂ ಹೀಗೆಯೇ ಅನ್ನಿಸೀತು. ಆದರೆ ಅದು ಕಥೆಯ ದೋಷ, ಅಭಿನಯದ ದೋಷವಲ್ಲ. ಹಾಲಿವುಡ್ಡಿನ ಚಿತ್ರಗಳಲ್ಲಿಯೂ ಈ ದೋಷ ಬೇಕಾದಷ್ಟಿದೆ. ಚಿತ್ರ ನೋಡಿದ ಮಗು ಮರುದಿನ ಶಾಸನದ ಕಡೆಗೆ ಬರುವಂತೆ ಮಾಡುವುದು ಮೇಷ್ಟ್ರ ಕೆಲಸ. ಅದನ್ನು ನಟನ ತಲೆಗೆ ಕಟ್ಟಬಾರದು.

ಮೂರನೆಯದು: 'ಜನರಿಗೆ ಈಗ ಇವೆಲ್ಲ ಬೇಡ.' 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಂದಾಗ ಜನ ನೋಡಲಿಲ್ಲವೇ? ನಮ್ಮ ಸುತ್ತಲ ಮಾಗಡಿ, ರಾಮನಗರ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಇಂದಿಗೂ ರೈತರೂ ವ್ಯಾಪಾರಿಗಳೂ ತಮ್ಮ ಕೈಯಿಂದ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಸೀನರಿ ಬಾಡಿಗೆಗೆ ತಂದು, ಬೆಳಗಾಗುವ ತನಕ 'ಕುರುಕ್ಷೇತ್ರ' ಆಡುತ್ತಾರೆ. ದುರ್ಯೋಧನನ ಪಾರ್ಟಿಗೆ ಪೈಪೋಟಿಯಿದೆ. ಬೇಡವಾಗಿರುವುದು ಜನರಿಗಲ್ಲ, ಇಂಗ್ಲಿಷ್ ಕಲಿತು ನಾಚಿಕೆಯನ್ನೂ ಕಲಿತವರಿಗೆ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರೆಂದು ತಿಳಿದುಕೊಂಡಿರುವವರಿಗೂ ಒಂದು ಮಾತು. ಪ್ರತಿ ಬಡಾವಣೆಯ ವೃತ್ತದಲ್ಲಿಯೂ ರಾಜಕುಮಾರರ ಪ್ರತಿಮೆ, ನವೆಂಬರಿನಲ್ಲಿ ಹಾರ, ಧ್ವನಿವರ್ಧಕದಲ್ಲಿ ಹಾಡು, ಎದುರಾಡಿದವನ ಮೇಲೆ ಕೋಪ. ಹಾರ ಹಾಕುವವರಲ್ಲಿ ಎಷ್ಟು ಜನ 1959ರ 'ಮಹಿಷಾಸುರ ಮರ್ದಿನಿ'ಯನ್ನು ಪೂರ್ತಿ ನೋಡಿದ್ದಾರೆ? 1983ರ 'ಭಕ್ತ ಪ್ರಹ್ಲಾದ'ದಲ್ಲಿ ತಮ್ಮ ಸ್ವಂತ ಮಗನೇ ಪ್ರಹ್ಲಾದನಾಗಿ ಎದುರು ನಿಂತಿರುವಾಗ, ಹಿರಣ್ಯಕಶಿಪುವಿನ ಕ್ರೌರ್ಯದೊಳಗೆ ತಂದೆಯ ತಳಮಳವನ್ನು ಆ ನಟ ಹೇಗೆ ಬೆರೆಸಿದರೆಂದು ಎಷ್ಟು ಜನ ಗಮನಿಸಿದ್ದಾರೆ? ಪೂಜೆ ಮಾಡಿದರೆ ನೋಡುವ ಕಷ್ಟ ತಪ್ಪುತ್ತದೆ. ನಗುವವರೂ ಪೂಜಿಸುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ: ಇಬ್ಬರೂ ಆ ಅಭಿನಯವನ್ನು ನೋಡುತ್ತಿಲ್ಲ.

ನನಗೆ ಇದು ಕೇವಲ ಸಿನಿಮಾದ ಜಗಳವಲ್ಲ. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಒಬ್ಬ ಮನುಷ್ಯ ಅಲ್ಪಪ್ರಾಣ ಮಹಾಪ್ರಾಣಗಳನ್ನು, ಲಕಾರ ಳಕಾರಗಳನ್ನು, ದೀರ್ಘ ಸಮಾಸಗಳನ್ನು ಎಡವದೆ ಉಚ್ಚರಿಸಿದರು. ಶಾಲೆ ಕಲಿಸದ್ದನ್ನು ನಾಟಕದ ಕಂಪನಿ ಕಲಿಸಿತು. ನಾವು ಮೇಷ್ಟ್ರುಗಳು ತಲೆ ತಗ್ಗಿಸಬೇಕಾದ ಮಾತಿದು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ಸಂಧಿ ಬಿಡಿಸಲು ಬಾರದೆ ಪೆಟ್ಟು ತಿನ್ನುತ್ತಿದ್ದ ಹುಡುಗರೇ ವಾರ್ಷಿಕೋತ್ಸವದಲ್ಲಿ ಬಭ್ರುವಾಹನನ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ರಾಜಾಜಿನಗರದ ನವರಂಗ್, ಮಾಗಡಿ ರಸ್ತೆಯ ಪ್ರಸನ್ನ ಚಿತ್ರಮಂದಿರಗಳ ಕತ್ತಲಲ್ಲಿ ಅವರು ಕಲಿತ ಕನ್ನಡವನ್ನು ನನ್ನ ವ್ಯಾಕರಣ ಕಲಿಸಲಿಲ್ಲ. ಈಗ ನಮ್ಮ ಚಂದ್ರಾ ಲೇಔಟಿನ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಎಂಟು ಪದಗಳ ಒಂದು ಕನ್ನಡ ವಾಕ್ಯ ಕೇಳಿದರೆ ದಣಿವಾಗುತ್ತದೆ. ಅಂಥ ವಾಕ್ಯವನ್ನು ಜೀವಂತವಾಗಿ ಆಡುವ ಧ್ವನಿ ಅವರ ಕಿವಿಗೆ ಬಿದ್ದೇ ಇಲ್ಲ. ಇದರಲ್ಲಿ ಮಕ್ಕಳ ತಪ್ಪೇನು?

1934ರ ಮಾರ್ಚ್ 3ರಂದು ತೆರೆ ಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದಲ್ಲಿ ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯನಾಯ್ಡು ಇಂದ್ರಜಿತು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ತೆರೆಯ ಮೊದಲ ರಾವಣ ಹೇಗೆ ಮಾತನಾಡಿದನೆಂದು ಇನ್ನು ಯಾರೂ ಕೇಳಲಾರರು. ಅದು ಅಜಾಗರೂಕತೆಯಿಂದ ಆದ ನಷ್ಟ. ಆದರೆ ಮಯೂರನ ಮಾತು, ಚೆನ್ನಮ್ಮನ ಮಾತು, ತಿಮ್ಮರಸುವಿನ ಮಾತು ಇಂದು ಅಂಗೈಯ ಫೋನಿನಲ್ಲಿಯೇ ಸಿಗುತ್ತಿರುವಾಗ, 'ಓಲ್ಡ್ ಸ್ಟೈಲ್' ಎಂದು ಅದನ್ನು ಬದಿಗೆ ಸರಿಸಿದರೆ ಅದು ನಾವೇ ಕೈಯಾರೆ ಮಾಡಿಕೊಂಡ ನಷ್ಟ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಅಮೆರಿಕದಲ್ಲಿರುವವರೂ, ಇಲ್ಲಿಯೇ ಅತ್ತಿಗುಪ್ಪೆ ವಿಜಯನಗರಗಳಲ್ಲಿ ಇರುವವರೂ, ಬರುವ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಬೆನ್‌ಹರ್' ನೋಡಿ. ಅದರ ಮುಂದಿನ ಭಾನುವಾರ 'ಮಯೂರ' ನೋಡಿ. ಸೆಟ್ಟು, ಕುದುರೆ, ಕಿರೀಟಗಳನ್ನು ಮರೆತು, ನಟ ಹೇಗೆ ನಿಲ್ಲುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಪದದ ಮೇಲೆ ಭಾರ ಹಾಕುತ್ತಾನೆ ಎಂಬುದನ್ನಷ್ಟೇ ಗಮನಿಸಿ. ನಡುವೆ ಮಗು ಯಾವುದಾದರೂ ಪದದ ಅರ್ಥ ಕೇಳಿದರೆ ಚಿತ್ರವನ್ನು ನಿಲ್ಲಿಸಿ ಹೇಳಿ. ಅರ್ಥ ನಿಮಗೂ ತಿಳಿಯದಿದ್ದರೆ ಸಂಕೋಚ ಬೇಡ, ನನಗೆ ದೂರವಾಣಿ ಮಾಡಿ. ನಿವೃತ್ತನಾದರೂ ಪದಗಳ ಅರ್ಥ ಹೇಳುವ ಕೆಲಸದಿಂದ ನಾನು ಇನ್ನೂ ನಿವೃತ್ತನಾಗಿಲ್ಲ.